ಗಂಗಾವತಿಯಲ್ಲಿ ಕೂತು ಕಡಲಿಗೆ ಇಳಿಯುವುದು: ಯಾವ ವರ್ಚುವಲ್ ಡೈವ್ ಯಾರಿಗೆ?

ಒಂದು ಮಳೆಗಾಲದಲ್ಲಿ ಅಕ್ಕನ ಮಗಳನ್ನು ಮುನಿರಾಬಾದ್ ಕಡೆಯಿಂದ ತುಂಗಭದ್ರಾ ಡ್ಯಾಂ ನೋಡಲು ಕರೆದುಕೊಂಡು ಹೋಗಿದ್ದೆ. ಅವಳು ಆಗ ಎಂಟನೇ ಕ್ಲಾಸು. ಎಲ್ಲರೂ ಗೇಟಿನಿಂದ ಧುಮುಕುವ ನೀರು ನೋಡುತ್ತಿದ್ದರೆ ಅವಳು ಹಿನ್ನೀರಿನ ಕಡೆ ತಿರುಗಿ ನಿಂತಿದ್ದಳು. "ಮಾಮಾ, ಇದರ ತಳದಲ್ಲಿ ಏನಿದೆ?" ಎಂದು ಕೇಳಿದಳು. ಊರುಗಳಿವೆ ಎಂದೆ. 1953ರಲ್ಲಿ ಇಲ್ಲಿ ನೀರು ನಿಂತಿತು, ಸುಮಾರು 90 ಹಳ್ಳಿ ಮುಳುಗಿದವು, ನಮ್ಮಜ್ಜಿ ಹುಟ್ಟಿದ ಊರೂ ಅದರಲ್ಲಿ ಹೋಯಿತು ಎಂದೆ. "ಹಂಗಾದ್ರೆ ಇಳಿದು ನೋಡೋಣ" ಎಂದಳು.

ಇಳಿಯುವುದು ಎಲ್ಲಿಂದ ಬಂತು? ಮಳೆಗಾಲದಲ್ಲಿ ಆ ನೀರಿಗೆ ಕೈ ಹಾಕಿದರೆ ಬೆರಳೇ ಕಾಣುವುದಿಲ್ಲ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಂ ಈಗ ಸುಮಾರು 105 ಟಿಎಂಸಿ ಹಿಡಿಯುತ್ತದೆ. ಉಳಿದ ಜಾಗದಲ್ಲೆಲ್ಲ ಹೂಳು ಕೂತಿದೆ. ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ಕಲಿಯೋಣ ಅಂದರೆ ನಮಗೆ ಇರುವುದು ಮುರ್ಡೇಶ್ವರದ ಆಚೆಯ ನೇತ್ರಾಣಿ ದ್ವೀಪ. ಗಂಗಾವತಿಯಿಂದ ಒಂದು ರಾತ್ರಿಯ ಪ್ರಯಾಣ, ಮೇಲೆ ದೋಣಿ, ಮಳೆಗಾಲದಲ್ಲಿ ಅದೂ ಬಂದ್. ಹಾಗಾಗಿ ಮನೆಯ ಕಂಪ್ಯೂಟರಿನಲ್ಲೇ ನೀರಿಗೆ ಇಳಿಯಲು ಶುರು ಮಾಡಿದೆವು.

ಆಮೇಲೆ ಒಂದು ವರ್ಷ ಸಿಕ್ಕಿದ್ದನ್ನೆಲ್ಲ ತೆರೆದು ನೋಡಿದೆವು. ನಮ್ಮ ಹತ್ತಿರ ಇದ್ದದ್ದು ಎರಡು ಯಂತ್ರ. ಒಂದು 4 ಜಿಬಿ ರ‍್ಯಾಮ್‌ನ ಹಳೆಯ ಡೆಸ್ಕ್‌ಟಾಪ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಇನ್ನೊಂದು 8 ಜಿಬಿ ಲ್ಯಾಪ್‌ಟಾಪ್. ಕೊಪ್ಪಳ, ರಾಯಚೂರು, ಬಳ್ಳಾರಿಯ ಎಷ್ಟೋ ಮನೆಗಳಲ್ಲಿ, ಶಾಲೆಗಳಲ್ಲಿ ಇರುವುದೂ ಇಂಥವೇ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಇವೆರಡರ ಮೇಲೆ ನೋಡಿದ ಮಾತು.

ಮೊದಲೇ ಒಂದು ಮಾತು. "ವರ್ಚುವಲ್ ಡೈವ್" ಎಂದು ಹುಡುಕಿದರೆ ಒಂದೇ ಹೆಸರಿನಲ್ಲಿ ನಾಲ್ಕೈದು ಬೇರೆ ಬೇರೆ ವಸ್ತುಗಳು ಸಿಗುತ್ತವೆ. ಯಾವುದನ್ನು ತೆರೆದರೂ ನಾನು ಮೊದಲು ಕೇಳುವುದು ಇಷ್ಟೇ: ಈ ನೀರು ಎಲ್ಲಿಯದು, ಯಾವತ್ತಿನದು? ಇದಕ್ಕೆ ಉತ್ತರ ಕೊಡುವ ಡೈವ್ ಅನ್ನು ನಾನು ಮೇಲೆ ಇಡುತ್ತೇನೆ. ಚಂದ ಕಾಣುವುದು ಆಮೇಲಿನ ಮಾತು.

ಶುರು ಮಾಡುವವರು 360 ಡಿಗ್ರಿ ಫೋಟೋಗಳಿಂದಲೇ ಶುರು ಮಾಡಿ. ಗೂಗಲ್ ಮ್ಯಾಪ್ಸ್‌ನ ಸ್ಟ್ರೀಟ್ ವ್ಯೂ ಗೊತ್ತಲ್ವಾ, ರಸ್ತೆಯಲ್ಲಿ ನಿಂತು ಸುತ್ತ ನೋಡುವುದು. 2012ರ ಸೆಪ್ಟೆಂಬರ್‌ನಲ್ಲಿ ಅದರಲ್ಲಿ ಸಮುದ್ರದ ಒಳಗೂ ದಾರಿ ತೆರೆಯಿತು. ಕ್ಯಾಟ್ಲಿನ್ ಸೀವ್ಯೂ ಸರ್ವೆ ಎಂಬ ತಂಡ ಹವಳದ ದಿಬ್ಬಗಳ ಮೇಲೆ ಈಜಿಕೊಂಡು ಹೋಗಿ ಆ ಚಿತ್ರಗಳನ್ನು ತೆಗೆದಿತ್ತು. ಮುಳುಗುಗಾರನ ಕೈಯಲ್ಲಿ ನೀರೊಳಗಿನ ಸ್ಕೂಟರ್, ಅದರ ಮುಂದೆ ಎಲ್ಲ ದಿಕ್ಕಿಗೂ ನೋಡುವ ಕ್ಯಾಮೆರಾ. ಹೋಗುತ್ತಾ ಹೋಗುತ್ತಾ ಕೆಲವು ಸೆಕೆಂಡಿಗೊಂದು ಫೋಟೋ. ಮೊದಲ ಕಂತಿನಲ್ಲಿ ಆರು ಜಾಗಗಳಿದ್ದವು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹೆರಾನ್, ಲೇಡಿ ಎಲಿಯಟ್, ವಿಲ್ಸನ್ ದ್ವೀಪಗಳು. ಫಿಲಿಪ್ಪೀನ್ಸ್‌ನ ಆಪೋ ದ್ವೀಪ. ಹವಾಯಿಯ ಹನೌಮಾ ಕೊಲ್ಲಿ ಮತ್ತು ಮೊಲೊಕಿನಿ.

ಮ್ಯಾಪ್‌ನಲ್ಲಿ ಹೆರಾನ್ ದ್ವೀಪ ಹುಡುಕಿ. ಮೂಲೆಯ ಹಳದಿ ಗೊಂಬೆಯನ್ನು ಎತ್ತಿ, ದ್ವೀಪದ ಸುತ್ತ ನೀರಿನ ಮೇಲೆ ನೀಲಿ ಗುರುತು ಕಾಣುವ ಕಡೆ ಬಿಡಿ. ನಮ್ಮ ಹಳೆಯ ಡೆಸ್ಕ್‌ಟಾಪ್‌ನಲ್ಲೂ ಇದು ತೆರೆಯಿತು. ಚಿತ್ರ ಮೊದಲು ಮಸುಕಾಗಿ ಬರುತ್ತದೆ, ನಿಧಾನವಾಗಿ ತಿಳಿಯಾಗುತ್ತದೆ. ಆ ನಿಧಾನವೂ ನನಗೆ ಇಷ್ಟ. ನಿಜವಾಗಿ ನೀರಿಗೆ ಇಳಿದಾಗಲೂ ಕಣ್ಣು ಹೊಂದಿಕೊಳ್ಳಲು ಒಂದು ಗಳಿಗೆ ಬೇಕು.

ನಮ್ಮ ಹುಡುಗಿ ಮೊದಲ ದಿನ ಕೇಳಿದ್ದು, "ಎಲ್ಲಾ ಯಾಕೆ ನೀಲಿ?" ಎಂದು. ಒಳ್ಳೆಯ ಪ್ರಶ್ನೆ. ನೀರು ಎಲ್ಲ ಬಣ್ಣವನ್ನೂ ಒಂದೇ ಥರ ಬಿಡುವುದಿಲ್ಲ. ಕೆಂಪನ್ನು ಮೊದಲು ನುಂಗುತ್ತದೆ. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಬಿಸಿಲಿನ ಕೆಂಪು ಬಹುಪಾಲು ಹೋಗಿರುತ್ತದೆ. ಆಮೇಲೆ ಕಿತ್ತಳೆ, ಹಳದಿ. ಉಳಿಯುವುದು ನೀಲಿ, ಹಸಿರು. ಕುಂಕುಮದ ಡಬ್ಬಿ ಹಿಡಿದು ಅಲ್ಲಿಗೆ ಇಳಿದರೆ ಅದು ಕಪ್ಪಗೆ ಕಾಣುತ್ತದೆ. ಬರೀ ಬಿಸಿಲಿನ ಬೆಳಕಿನಲ್ಲಿ ತೆಗೆದ ಚಿತ್ರ ಹಾಗೇ ನೀಲಿಯಾಗಿ ಇದ್ದರೆ ಅದರಲ್ಲಿ ನಂಬಿಕೆ ಇಡಬಹುದು. ಅಂದಿನಿಂದ ನಾವು ಯಾವ ಡೈವ್ ತೆರೆದರೂ ಮೊದಲು ಕೆಂಪು ಹುಡುಕುತ್ತೇವೆ. ಕೆಂಪು ಕಂಡರೆ ಯಾರೋ ದೀಪ ಹಿಡಿದಿದ್ದಾರೆ, ಇಲ್ಲವೇ ಯಾರೋ ಬಣ್ಣ ತಿದ್ದಿದ್ದಾರೆ.

ಇನ್ನು ತಾರೀಖಿನ ಮಾತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಸಮುದ್ರದ ನೀರು ವಾಡಿಕೆಗಿಂತ ಬಿಸಿಯಾಗಿ ವಾರಗಟ್ಟಲೆ ಹಾಗೇ ಉಳಿದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಗೆ ಹಾಕುತ್ತದೆ. ಅದಕ್ಕೆ ಬಣ್ಣ ಕೊಡುವುದೂ ಆ ಪಾಚಿಯೇ, ಹೆಚ್ಚು ಪಾಲು ಅನ್ನ ಕೊಡುವುದೂ ಅದೇ. ಪಾಚಿ ಹೋದ ಹವಳ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಸಾಯುತ್ತದೆ. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 2016, 2017, 2020, 2022, 2024ರಲ್ಲಿ ದೊಡ್ಡ ಪ್ರಮಾಣದಲ್ಲಿ ಹೀಗಾಯಿತು. ಅಂದರೆ 2012ರ ಚಿತ್ರದಲ್ಲಿ ನೀವು ನೋಡುವ ಹವಳ ಇವತ್ತು ಹಾಗೇ ಇದೆ ಎಂದುಕೊಳ್ಳುವಂತಿಲ್ಲ. ಸ್ಟ್ರೀಟ್ ವ್ಯೂನಲ್ಲಿ ಚಿತ್ರ ತೆಗೆದ ತಿಂಗಳು, ವರ್ಷ ಬರೆದಿರುತ್ತದೆ. ಮಕ್ಕಳಿಗೆ ತೋರಿಸುವವರು ದಯವಿಟ್ಟು ಅದನ್ನು ಓದಿಸಿ. ಅಜ್ಜಿ ತನ್ನ ಊರಿನ ಬೇವಿನ ಮರದ ಬಗ್ಗೆ ಹೇಳುವಾಗ ನಾವು ಕೇಳುತ್ತಿದ್ದದ್ದು ಒಂದು ಹಳೆಯ ಊರಿನ ಕಥೆ ಎಂದು ನಮಗೆ ಗೊತ್ತಿತ್ತು. ಈ ಹವಳದ ಚಿತ್ರವನ್ನೂ ಹಾಗೇ ನೋಡಬೇಕು.

ಇದೇ ಬಗೆಯ ಇನ್ನೊಂದು, ಕಡಲು, ಹವಾಮಾನ ನೋಡಿಕೊಳ್ಳುವ ಅಮೆರಿಕ ಸರ್ಕಾರದ ನೋಆ ಸಂಸ್ಥೆಯದು. ಅವರ ಸಮುದ್ರ ಅಭಯಾರಣ್ಯಗಳ 360 ಡಿಗ್ರಿ ಡೈವ್‌ಗಳು ಬ್ರೌಸರ್‌ನಲ್ಲೇ ತೆರೆಯುತ್ತವೆ, ದುಡ್ಡು ಬೇಡ. ಸ್ಟ್ರೀಟ್ ವ್ಯೂನಲ್ಲಿ ಮೀನು ಕಂಡರೆ ಅದರ ಹೆಸರು ಹೇಳುವವರಿಲ್ಲ. ಇಲ್ಲಿ ಏನು ಕಾಣುತ್ತಿದೆ, ಅದು ಎಲ್ಲಿದೆ ಎಂಬ ಬರಹ ಜೊತೆಗಿರುತ್ತದೆ. ಪಾಠ ಮಾಡುವ ಮೇಷ್ಟ್ರುಗಳಿಗೆ ಇದೇ ವಾಸಿ. ನಮ್ಮ ಕಡೆಯವರು ಅದರಲ್ಲಿ ಥಂಡರ್ ಬೇ ತೆರೆಯಬೇಕು ಎಂದು ನನ್ನ ಆಸೆ. ಅದು ಕಡಲೇ ಅಲ್ಲ, ಹ್ಯೂರನ್ ಎಂಬ ಸಿಹಿನೀರಿನ ಸರೋವರ. ತಣ್ಣನೆಯ ಸಿಹಿನೀರಿನಲ್ಲಿ ಮರ ತಿನ್ನುವ ಕಡಲ ಹುಳು ಇರುವುದಿಲ್ಲ. ಹಾಗಾಗಿ ನೂರು ವರ್ಷದ ಹಿಂದೆ ಮುಳುಗಿದ ಮರದ ಹಡಗುಗಳೂ ಅಲ್ಲಿ ಇನ್ನೂ ಗಟ್ಟಿಯಾಗಿ ಕೂತಿವೆ. ಸಿಹಿನೀರಿನ ತಳದಲ್ಲೂ ನೋಡುವಂಥದ್ದು ಇರುತ್ತದೆ ಎಂದು ನಮ್ಮ ಹುಡುಗಿಗೆ ಮೊದಲು ಅನ್ನಿಸಿದ್ದು ಅಲ್ಲಿಯೇ.

ಫೋಟೋ ಡೈವ್‌ನ ದೊಡ್ಡ ಕೊರತೆ, ನಿಂತ ಜಾಗ ಬಿಟ್ಟು ಕದಲಲು ಆಗುವುದಿಲ್ಲ. ಕ್ಯಾಮೆರಾ ಹೋದ ದಾರಿಯಲ್ಲಿ ಮಾತ್ರ ಹೆಜ್ಜೆ ಇಡಬಹುದು. ಬಂಡೆಯ ಹಿಂದೆ ಬಗ್ಗಿ ನೋಡುವಂತಿಲ್ಲ. ಅದು ಬೇಕಾದವರಿಗೆ ಮೂರು ಆಯಾಮದ ಮಾದರಿಗಳಿವೆ.

ಇದರಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಮಾಲ್ಟಾ ದೇಶದ ನೀರೊಳಗಿನ ವರ್ಚುವಲ್ ಮ್ಯೂಸಿಯಂ, ಅಂಡರ್‌ವಾಟರ್ ಮಾಲ್ಟಾ. 2020ರಲ್ಲಿ ಶುರುವಾಯಿತು. ಆ ದ್ವೀಪದ ಸುತ್ತ ಮುಳುಗಿರುವ ಹಡಗುಗಳು, ಎರಡನೇ ಮಹಾಯುದ್ಧದ ವಿಮಾನಗಳು ಅಲ್ಲಿವೆ. ಮೌಸ್‌ನಿಂದ ಹಿಡಿದು ತಿರುಗಿಸಬಹುದು, ಕೆಳಗಿನಿಂದ ನೋಡಬಹುದು, ರೆಕ್ಕೆಯ ಸಂದಿಗೆ ಹೋಗಬಹುದು. ಇದನ್ನು ಮಾಡುವ ವಿಧಾನಕ್ಕೆ ಫೋಟೋಗ್ರಾಮೆಟ್ರಿ ಎನ್ನುತ್ತಾರೆ. ಒಂದೇ ವಸ್ತುವಿನ ನೂರಾರು, ಕೆಲವೊಮ್ಮೆ ಸಾವಿರಾರು ಫೋಟೋ ಬೇರೆ ಬೇರೆ ಕಡೆಯಿಂದ ತೆಗೆಯುತ್ತಾರೆ. ಒಂದರಲ್ಲಿ ಕಂಡ ಚುಕ್ಕಿ ಇನ್ನೊಂದರಲ್ಲಿ ಎಲ್ಲಿದೆ ಎಂದು ಕಂಪ್ಯೂಟರ್ ಹುಡುಕುತ್ತದೆ. ಅಂಥ ಚುಕ್ಕಿಗಳನ್ನು ಜೋಡಿಸುತ್ತಾ ವಸ್ತುವಿನ ಆಕಾರವನ್ನು ಕಟ್ಟುತ್ತದೆ.

ಅಲ್ಲಿ ಗೋಜೋ ದ್ವೀಪದ ಹತ್ತಿರ ಒಂದು ಫಿನೀಷಿಯನ್ ಹಡಗು ಇದೆ, ಮೆಡಿಟರೇನಿಯನ್ ಕಡಲಿನ ಹಳೆಯ ಕಾಲದ ವ್ಯಾಪಾರಿ ಜನರದು. ಸುಮಾರು 2,700 ವರ್ಷ ಹಳೆಯದು. ನಮ್ಮ ಮೌರ್ಯರ ಅಶೋಕನಿಗಿಂತ ನಾಲ್ಕು ನೂರು ವರ್ಷ ಹಿಂದಿನದು. ಅದು ಇರುವುದು 110 ಮೀಟರ್ ಆಳದಲ್ಲಿ. ಹವ್ಯಾಸಕ್ಕೆ ಮುಳುಗುವವರಿಗೆ ಹಾಕಿರುವ ಮಿತಿ 40 ಮೀಟರ್. ಅಂದರೆ ಸ್ಕೂಬಾ ಕಲಿತು, ವಿಮಾನ ಹತ್ತಿ ಮಾಲ್ಟಾಕ್ಕೇ ಹೋದರೂ ನಮ್ಮಂಥವರಿಗೆ ಆ ಹಡಗು ಕಾಣುವುದಿಲ್ಲ. ಗಂಗಾವತಿಯಲ್ಲಿ ಕೂತವನಿಗೆ ಕಾಣುತ್ತದೆ. ವರ್ಚುವಲ್ ಡೈವ್ ಎಂದರೆ ಬಡವರ ಸ್ಕೂಬಾ ಎನ್ನುವವರಿಗೆ ನಾನು ಈ ಹಡಗನ್ನೇ ತೋರಿಸುವುದು.

ಆದರೆ ಎರಡು ವಿಷಯ ತಿಳಿದಿರಬೇಕು. ಒಂದು, ಇದು ಭಾರ. ನಮ್ಮ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಮಾದರಿ ಅರ್ಧ ತೆರೆದು ಪರದೆ ಗಟ್ಟಿಯಾಗಿ ನಿಂತುಬಿಟ್ಟಿತು. 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ, ಬೇರೆ ಟ್ಯಾಬ್ ಎಲ್ಲ ಮುಚ್ಚಿದ ಮೇಲೆ, ಸಲೀಸಾಗಿ ಓಡಿತು. ಎರಡು, ಈ ಮಾದರಿಯಲ್ಲಿ ನೀರೇ ಇರುವುದಿಲ್ಲ. ಬಯಲಿನಲ್ಲಿ ಇಟ್ಟಂತೆ ಹಡಗು ಕೂತಿರುತ್ತದೆ. ಮೀನೂ ಇಲ್ಲ. ಒಂದು ಫೋಟೋದಲ್ಲಿದ್ದ ಮೀನು ಮುಂದಿನದರಲ್ಲಿ ಬೇರೆ ಕಡೆ ಇರುತ್ತದಲ್ಲ, ಅದರ ಚುಕ್ಕಿಗಳು ಜೋಡಿಯಾಗುವುದಿಲ್ಲ, ಕಂಪ್ಯೂಟರ್ ಅದನ್ನು ಬಿಟ್ಟುಬಿಡುತ್ತದೆ. ಅಲುಗದೆ ಇದ್ದದ್ದು ಮಾತ್ರ ಉಳಿಯುತ್ತದೆ. ನಮ್ಮ ಹುಡುಗಿಗೆ ಇದು ಬೇಜಾರು. ಅವಳಿಗೆ ಮೀನು ಬೇಕು. ನನಗೆ ಬೇಜಾರಿಲ್ಲ, ನಾನು ಹುಡುಕುವುದು ಮನುಷ್ಯರು ಬಿಟ್ಟುಹೋದದ್ದನ್ನು. ನಿಮಗೆ ಯಾವುದು ಬೇಕು ಎಂದು ಮೊದಲು ನೋಡಿಕೊಳ್ಳಿ. ಜೀವ ಬೇಕಾದವರು ಮಾದರಿಗಳ ಕಡೆ ಬರಬೇಡಿ.

ಜೀವ ಬೇಕಾದವರಿಗೆ ನೇರಪ್ರಸಾರ ಇದೆ. ನಾಟಿಲಸ್, ಒಕಿಯಾನೋಸ್ ಎಕ್ಸ್‌ಪ್ಲೋರರ್, ಫಾಲ್ಕರ್ ಟೂ ಎಂಬ ಸಂಶೋಧನಾ ಹಡಗುಗಳು ಕೇಬಲ್ ಕಟ್ಟಿದ ರೋಬೋಗಳನ್ನು ಸಾವಿರಾರು ಮೀಟರ್ ಕೆಳಕ್ಕೆ ಇಳಿಸುತ್ತವೆ. ಅದರ ಕ್ಯಾಮೆರಾ ಕಾಣುವುದನ್ನೆಲ್ಲ ಅದೇ ಹೊತ್ತಿಗೆ ಯೂಟ್ಯೂಬ್‌ನಲ್ಲಿ ಬಿಡುತ್ತಾರೆ. ಬಿಸಿಲು 1,000 ಮೀಟರ್ ಕೆಳಗೆ ಹೋಗುವುದೇ ಇಲ್ಲ, ಆದ್ದರಿಂದ ಕಾಣುವ ಬೆಳಕೆಲ್ಲ ರೋಬೋದ್ದು. ಇಲ್ಲಿ ಕೆಂಪು ಕಾಣುತ್ತದೆ, ಚೆನ್ನಾಗಿಯೇ ಕಾಣುತ್ತದೆ. ಅಲ್ಲಿಯ ಕೆಂಪು ಸೀಗಡಿ ದೀಪ ತಾಗುವವರೆಗೆ ಕತ್ತಲಲ್ಲಿ ಕಪ್ಪಾಗಿ ಅಡಗಿರುತ್ತದೆ. ವಿಜ್ಞಾನಿಗಳು ಮಾತಾಡಿಕೊಳ್ಳುವುದೂ ಕೇಳಿಸುತ್ತದೆ. ಅವರಿಗೂ ಮುಂದೆ ಏನು ಬರುತ್ತದೆ ಎಂದು ಗೊತ್ತಿರುವುದಿಲ್ಲ. 2018ರಲ್ಲಿ ಕ್ಯಾಲಿಫೋರ್ನಿಯಾದ ಆಚೆ, 3,000 ಮೀಟರಿಗೂ ಜಾಸ್ತಿ ಆಳದಲ್ಲಿ, ನಾಟಿಲಸ್ ತಂಡಕ್ಕೆ ನೂರಾರು ಆಕ್ಟೋಪಸ್‌ಗಳು ಮೊಟ್ಟೆ ಕಾಯುತ್ತಾ ಗುಂಪಾಗಿ ಕೂತಿದ್ದ ಜಾಗ ಸಿಕ್ಕಿದ್ದು ಹೀಗೇ. 2025ರಲ್ಲಿ ಅರ್ಜೆಂಟೀನಾದ ವಿಜ್ಞಾನಿಗಳು ಫಾಲ್ಕರ್ ಟೂ ಹಡಗಿನಿಂದ ಬಿಟ್ಟ ಪ್ರಸಾರವನ್ನು ಆ ದೇಶದ ಮಂದಿ ಮನೆಮನೆಯಲ್ಲಿ ಕೂತು ನೋಡಿದರು.

ತೊಂದರೆ ಎಂದರೆ ಹೊತ್ತು. ಹಡಗು ಹವಾಯಿ ಹತ್ತಿರ ಇದ್ದರೆ ಅಲ್ಲಿಯ ಬೆಳಗಿನ 8 ಗಂಟೆ ನಮ್ಮ ರಾತ್ರಿ 11:30. ಶಾಲೆಯ ಮಕ್ಕಳಿಗೆ ಆಗದ ಮಾತು. ನಾವು ಶನಿವಾರ ರಾತ್ರಿ ಮಾತ್ರ ಕೂರುತ್ತೇವೆ, ಪಕ್ಕದಲ್ಲಿ ಒಗ್ಗರಣೆ ಮಂಡಕ್ಕಿ ಇಟ್ಟುಕೊಂಡು. ಎಷ್ಟೋ ಸಲ ಗಂಟೆಗಟ್ಟಲೆ ಬರೀ ಬೂದು ಕೆಸರು. ಅದು ಸಾಕಾಗಿ ಕಣ್ಣು ಮುಚ್ಚುವ ಹೊತ್ತಿಗೆ ಏನೋ ಒಂದು ತೇಲಿ ಬರುತ್ತದೆ, ಹಡಗಿನವರೆಲ್ಲ ಒಟ್ಟಿಗೆ ಕೂಗುತ್ತಾರೆ. ಆ ಕೂಗಿಗೆ ನಮ್ಮ ಮನೆಯಲ್ಲಿ ಎಲ್ಲರೂ ಎದ್ದದ್ದುಂಟು. ಎಲ್ಲಿಯದು, ಯಾವತ್ತಿನದು ಎಂಬ ನನ್ನ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರ ಕೊಡುವುದು ಬೇರೆ ಇಲ್ಲ. ಆಳ, ನೀರಿನ ಬಿಸಿ ಎಲ್ಲ ಪರದೆಯ ಮೇಲೆ ಬರುತ್ತಿರುತ್ತದೆ, ಕಾಲ ಈಗಿನದು.

ಡೇಟಾ ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ. ಫೋಟೋ ಡೈವ್ ಒಂದು ಸಂಜೆ ಆಡಿದರೂ ನೂರಿನ್ನೂರು ಎಂಬಿ ದಾಟುವುದು ಕಷ್ಟ. ವಿಡಿಯೋ ಹಾಗಲ್ಲ. ಚಿತ್ರದ ಗುಣಮಟ್ಟವನ್ನು 480ರಲ್ಲಿ ಇಟ್ಟರೆ ಗಂಟೆಗೆ ಸುಮಾರು ಅರ್ಧ ಜಿಬಿ, 1080ಕ್ಕೆ ಏರಿಸಿದರೆ ಒಂದೂವರೆ ಜಿಬಿ ಮೇಲೆ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ದಿನಕ್ಕೆ ಒಂದೂವರೆ ಜಿಬಿ ಇರುವವರು 480ಕ್ಕೆ ಇಳಿಸಿ, ಇಲ್ಲವೇ ಆಮೇಲೆ ಹಾಕುವ ಸಣ್ಣ ತುಣುಕುಗಳನ್ನು ನೋಡಿ. ಒಂದು ರಾತ್ರಿ ನಮ್ಮ ಬ್ರಾಡ್‌ಬ್ಯಾಂಡ್, ರೋಬೋ ತಳ ಮುಟ್ಟುವ ಹೊತ್ತಿಗೆ ಸರಿಯಾಗಿ ಹೋಯಿತು, ಬಂದದ್ದು ಮಾರನೇ ದಿನ ಮಧ್ಯಾಹ್ನ. ಆ ಪ್ರಸಾರದ ಪೂರ್ತಿ ವಿಡಿಯೋ ಅಲ್ಲೇ ಇತ್ತು, ಭಾನುವಾರ ಕೂತು ನೋಡಿದೆವು. ಬಿಟ್ಟುಹೋಯಿತು ಎಂದು ಚಿಂತೆ ಬೇಡ.

ಆಟಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಬ್ಜೂ, ಸಬ್ನಾಟಿಕಾ, ಬಿಯಾಂಡ್ ಬ್ಲೂ ಎಂಬವು ಹೆಸರು ಮಾಡಿವೆ, ದುಡ್ಡು ಕೊಟ್ಟು ಕೊಳ್ಳಬೇಕು. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕು. ಈಜಿದ ಅನುಭವ ಬೇಕು, ಬೇಕಾದ ಕಡೆ ತಿರುಗಬೇಕು ಎಂದರೆ ಇವುಗಳಿಗೆ ಸಮ ಬೇರೆ ಇಲ್ಲ. ಆಬ್ಜೂನಲ್ಲಿ ಒಂದು ಕಡೆ ಸುಮ್ನೆ ಕೂತು ಮೀನುಗಳನ್ನು ನೋಡಬಹುದು, ಅವುಗಳ ನಿಜವಾದ ಹೆಸರೂ ಬರುತ್ತದೆ. ಸಬ್ನಾಟಿಕಾದ ಸಮುದ್ರ ಬೇರೆಯೇ ಗ್ರಹದ್ದು, ಅಲ್ಲಿಯ ಮೀನೂ ಕಲ್ಪನೆಯದು. ಅದನ್ನು ಆಡಿದ ಮಗುವಿಗೆ ಇದು ಮಾತ್ರ ಹೇಳಿಬಿಡಿ. ನೂರು ಮೀಟರ್ ಕೆಳಗೆ, ದೀಪವಿಲ್ಲದೆಯೂ ಕೆಂಪು ಹೂವು ಹೊಳೆಯುತ್ತಿದ್ದರೆ ಅದು ಆಟ ಎಂದು ನಮ್ಮ ಹುಡುಗಿ ಈಗ ತಾನಾಗಿಯೇ ಹೇಳುತ್ತಾಳೆ.

ಕಣ್ಣಿಗೆ ಕಟ್ಟಿಕೊಂಡು ನೋಡುವ ವಿಆರ್ ಹೆಡ್‌ಸೆಟ್ ಕೊಳ್ಳಬೇಕಾ ಎಂದು ಕೆಲವರು ಕೇಳುತ್ತಾರೆ. ಇದಕ್ಕೋಸ್ಕರವೇ ಆದರೆ ಬೇಡ. ಹತ್ತಾರು ಸಾವಿರ ಹಾಕಬೇಕು. ಕಣ್ಣು ಚಲಿಸುತ್ತಿದ್ದೇನೆ ಎನ್ನುತ್ತದೆ, ಒಳಗಿವಿ ಕೂತಿದ್ದೇನೆ ಎನ್ನುತ್ತದೆ, ಆ ಜಗಳದಲ್ಲಿ ಎಷ್ಟೋ ಮಂದಿಗೆ ತಲೆ ಸುತ್ತುತ್ತದೆ. ಅದೇ ದುಡ್ಡಿಗೆ ಹಳೆಯ ಡೆಸ್ಕ್‌ಟಾಪ್‌ನ ರ‍್ಯಾಮ್ ಹೆಚ್ಚಿಸಿ, ಒಂದು ದೊಡ್ಡ ಪರದೆ ತಂದರೆ ಮನೆಯವರೆಲ್ಲ ಒಟ್ಟಿಗೆ ನೋಡಬಹುದು. ನೀರಿನ ಭಯ ಇರುವ ಹಿರಿಯರೂ ಬಂದು ಕೂರುತ್ತಾರೆ.

ಹಾಗಾದರೆ ಯಾರಿಗೆ ಯಾವುದು? ಹಳೆಯ ಕಂಪ್ಯೂಟರ್, ಕಡಿಮೆ ಡೇಟಾ, ಮೊದಲ ಸಲ ಎನ್ನುವವರು ಹೆರಾನ್ ದ್ವೀಪದ ಸ್ಟ್ರೀಟ್ ವ್ಯೂ ತೆರೆಯಿರಿ. ಶಾಲೆಗೆ ನೋಆ ಡೈವ್‌ಗಳು. ಹಂಪಿಯ ಕಲ್ಲು ನೋಡಿ ಗಂಟೆಗಟ್ಟಲೆ ನಿಲ್ಲುವ ಸ್ವಭಾವದವರಿಗೆ ಮಾಲ್ಟಾ. ತಾಳ್ಮೆ ಇರುವ, ರಾತ್ರಿ ನಿದ್ದೆ ಬಾರದ ಮಂದಿಗೆ ನೇರಪ್ರಸಾರ. ನನಗೇ ಒಂದೇ ಆರಿಸು ಎಂದರೆ ನೇರಪ್ರಸಾರ ಆರಿಸುತ್ತೇನೆ. ನಮ್ಮ ಹುಡುಗಿ ಫೋಟೋ ಡೈವ್ ಎನ್ನುತ್ತಾಳೆ, ಏಕೆಂದರೆ ಅಲ್ಲಿ ಅವಳೇ ತಿರುಗಬಹುದು.

ಇನ್ನೊಂದು ದಾರಿಯೂ ಇದೆ, ಅದನ್ನು ನಾವು ಕೊನೆಗೆ ಕಂಡುಕೊಂಡೆವು. ಮಾಲ್ಟಾದ ಮಾದರಿ ನೋಡುತ್ತಿದ್ದಾಗ ಹುಡುಗಿಯೇ ಕೇಳಿದಳು, "ನಮ್ಮ ಊರಿನ ಫೋಟೋ ನಾವೇ ತೆಗೆದರೆ?" ಮೇ ತಿಂಗಳಲ್ಲಿ ಹಿನ್ನೀರು ಹಿಂದೆ ಸರಿದಾಗ ಹಳೆಯ ಊರುಗಳ ಕಲ್ಲು, ಕಟ್ಟೆ ಮೇಲೆ ಬರುತ್ತವೆ. ಬೆಳಿಗ್ಗೆ ಆರಕ್ಕೇ ಹೋದೆವು, ಬಿಸಿಲು ಏರಿದರೆ ನೆರಳು ಗಟ್ಟಿಯಾಗಿ ಚಿತ್ರ ಕೆಡುತ್ತದೆ. ಒಣಗಿ ಬಿರಿದ ಹೂಳಿನ ಮೇಲೆ ನಡೆದು ಒಂದು ಗುಡಿಯ ಕಟ್ಟೆ ಮುಟ್ಟಿದೆವು. ಅದರ ಸುತ್ತ ಒಂದೊಂದೇ ಹೆಜ್ಜೆ ಸರಿಯುತ್ತಾ ಮೊಬೈಲ್‌ನಲ್ಲಿ 160 ಫೋಟೋ ತೆಗೆದೆವು, ಪ್ರತಿ ಫೋಟೋದಲ್ಲೂ ಹಿಂದಿನದರ ಅರ್ಧಕ್ಕಿಂತ ಹೆಚ್ಚು ಭಾಗ ಮತ್ತೆ ಬರುವ ಹಾಗೆ. ಫೋಟೋ ಕೊಟ್ಟರೆ ಮಾದರಿ ಕಟ್ಟಿಕೊಡುವ ಆ್ಯಪ್‌ಗಳು ಮೊಬೈಲ್‌ನಲ್ಲೇ ಸಿಗುತ್ತವೆ. ಲೆಕ್ಕವೆಲ್ಲ ಅವರ ಸರ್ವರ್‌ನಲ್ಲಿ ನಡೆಯುತ್ತದೆ, ನಮ್ಮ ಯಂತ್ರಕ್ಕೆ ಭಾರವಿಲ್ಲ. ರಾತ್ರಿ ಹೊತ್ತಿಗೆ ಕಟ್ಟೆ ಪರದೆಯ ಮೇಲೆ ತಿರುಗುತ್ತಿತ್ತು.

ಅಜ್ಜಿ ಈಗ ಇಲ್ಲ. ಅವಳ ತಂಗಿ, ನಮ್ಮ ಚಿಕ್ಕಜ್ಜಿ, ಇದ್ದಾಳೆ. ಊರು ಬಿಟ್ಟಾಗ ಅವಳಿಗೆ ಹತ್ತು ವರ್ಷ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಹುಡುಗಿಯ ಕೈ ಹಿಡಿದು, "ಆ ಕಡೆ ತಿರುಗಿಸವ್ವ, ಅಲ್ಲೊಂದು ಬಾವಿ ಇತ್ತು" ಎಂದಳು. ತಿರುಗಿಸಿದರೆ ಆ ಬದಿ ಬರೀ ತೂತು. ಅಲ್ಲಿ ಕೆಸರು ಇನ್ನೂ ಒಣಗಿರಲಿಲ್ಲ, ಕಾಲಿಡಲು ಆಗದೆ ಫೋಟೋ ತೆಗೆದಿರಲಿಲ್ಲ.

ಹುಡುಗಿ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರುವ ಮೇ ತಿಂಗಳ ಕೊನೆಯ ವಾರಕ್ಕೆ ಗುರುತು ಹಾಕಿದ್ದಾಳೆ. ಅಷ್ಟರಲ್ಲಿ ನೀರು ಇನ್ನೂ ಸ್ವಲ್ಪ ಹಿಂದೆ ಹೋಗಿರುತ್ತದೆ.